ಹುರಿಯದೆ ಉಳಿದ ಒಂದು ಹಿಡಿ ನವಣೆ

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಕೆಳಗಿನ ಸಾಲು ಹಕ್ಕಿಗಳದ್ದು. ಅಲ್ಲಿ ಐದು ಡಬ್ಬಿಗಳಿವೆ. ಐದರ ಮೇಲೂ ನನ್ನ ಮಗಳು ಕೆಂಪು ಪೆನ್ನಿನಲ್ಲಿ ‘ಅಮ್ಮ, ಡೋಂಟ್ ರೋಸ್ಟ್’ ಎಂದು ಬರೆದು ಅಂಟಿಸಿದ್ದಾಳೆ. ಮನೆಗೆ ಬಂದವರು ಅದನ್ನು ಓದಿ ನಗುತ್ತಾರೆ. ನಾನೂ ಅವರ ಜೊತೆ ನಗುತ್ತೇನೆ, ಆದರೆ ಪೂರ್ತಿ ನಗು ಬರುವುದಿಲ್ಲ.

ಡಬ್ಬಿಗಳಲ್ಲಿರುವುದು ನವಣೆ, ಬರಗು, ಸಾಮೆ, ಹುಚ್ಚೆಳ್ಳು, ಮತ್ತೆ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕ್ಯಾನರಿ ಸೀಡು ಎಂದು ಮಾರುವ ಹೊಳಪಿನ ಮೊನಚು ಕಾಳು. ಎಲ್ಲವೂ ಸಿಪ್ಪೆ ಸಮೇತ. ಭಾನುವಾರ ಬೆಳಿಗ್ಗೆ ಅತ್ತೆಯ ಮೊರದಲ್ಲಿ ಎರಡು ಲೋಟ ನವಣೆ, ಒಂದು ಲೋಟ ಬರಗು, ಒಂದು ಲೋಟ ಕ್ಯಾನರಿ ಸೀಡು, ಅರ್ಧ ಲೋಟ ಸಾಮೆ ಸುರಿದುಕೊಂಡು ಕೈಯಾಡಿಸುತ್ತೇನೆ. ಹುಚ್ಚೆಳ್ಳಿನಲ್ಲಿ ಎಣ್ಣೆ ಜಾಸ್ತಿ, ಹಾಗಾಗಿ ಚಳಿ ಬಿದ್ದಾಗ ಮಾತ್ರ ಒಂದು ಚಿಟಿಕೆ. ಈ ಕಾಳುಗಳ ನಡುವೆ ಬೆರಳು ಓಡಿಸುವಾಗ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಒಂದೊಂದು ಕಾಳೂ ಉಸಿರು ಬಿಗಿಹಿಡಿದು ಕೂತಿದೆ, ನೀರು ಸೋಕಿದರೆ ಎದ್ದು ನಿಲ್ಲುತ್ತದೆ ಎಂಬುದು ನಲವತ್ತು ದಾಟಿದ ಮೇಲೆ ನನಗೆ ಗೊತ್ತಾದ ವಿಷಯ. ಶಾಲೆಯಲ್ಲಿ ಓದಿದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಓದಿದ್ದಕ್ಕೂ ಕಂಡದ್ದಕ್ಕೂ ಬಹಳ ದೂರ.

ಹಕ್ಕಿಗಳು ಬಂದದ್ದು ಮಗಳ ಹನ್ನೊಂದನೆಯ ಹುಟ್ಟುಹಬ್ಬಕ್ಕೆ. ನಾಯಿ ಬೇಕೆಂದು ಆರು ತಿಂಗಳು ಹಟ ಹಿಡಿದವಳಿಗೆ ಕೊನೆಗೆ ಒಂದು ಜೋಡಿ ಜೀಬ್ರಾ ಫಿಂಚ್ ತಂದುಕೊಟ್ಟು ಬಾಯಿ ಮುಚ್ಚಿಸಿದೆವು. ಹೆಬ್ಬೆರಳಿನಷ್ಟು ಹಕ್ಕಿ, ಕಿತ್ತಳೆ ಬಣ್ಣದ ಕೊಕ್ಕು. ಗಂಡಿಗೆ ಮಾತ್ರ ಕೆನ್ನೆಯ ಮೇಲೂ ಅದೇ ಬಣ್ಣ. ಇಡೀ ದಿನ ರಬ್ಬರ್ ಗೊಂಬೆಯನ್ನು ಅದುಮಿದ ಹಾಗೆ ಮೀಪ್ ಮೀಪ್ ಎನ್ನುತ್ತಿರುತ್ತವೆ. ಮೊದಲ ವಾರ ನನಗೆ ತಲೆನೋವು ಬಂತು. ಎರಡನೆಯ ವಾರ ನಾನು ಪಂಜರದ ಮುಂದೆ ಕಾಫಿ ಲೋಟ ಹಿಡಿದು ನಿಲ್ಲಲು ಶುರುಮಾಡಿದೆ. ಅವು ಕಾಳು ಸುಲಿಯುವುದನ್ನು ನೋಡಬೇಕು. ಸಾಸಿವೆಗಿಂತ ಒಂಚೂರು ದೊಡ್ಡದಾದ ನವಣೆ ಕಾಳನ್ನು ಕೊಕ್ಕಿನಲ್ಲಿ ಇಟ್ಟು, ನಾಲಿಗೆಯಿಂದ ಒಂದು ಸುತ್ತು ತಿರುಗಿಸಿ, ಸಿಪ್ಪೆಯನ್ನು ಪಕ್ಕಕ್ಕೆ ಉದುರಿಸಿ ಒಳಗಿನದನ್ನು ನುಂಗುತ್ತವೆ. ನಾವು ಗಿರಣಿ ಕಟ್ಟಿ ಮಾಡುವ ಕೆಲಸವನ್ನು ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಸಿ ಮುಂದಿನ ಕಾಳಿಗೆ ಬಾಗುತ್ತವೆ. ಆಫೀಸಿನ ಮೀಟಿಂಗಿಗೆ ಎಷ್ಟೋ ಸಲ ತಡವಾದದ್ದು ಟ್ರಾಫಿಕ್ಕಿನಿಂದಲ್ಲ, ಇದರಿಂದ.

ಆಗ ಬೀಜದ ಚೀಲವನ್ನು ಪೆಟ್ ಶಾಪಿನಿಂದ ತರುತ್ತಿದ್ದೆವು. ಮೊದಲ ಚೀಲಕ್ಕೇ ಹುಳ ಬಿತ್ತು. ಒಂದು ದಿನ ಕಪಾಟು ತೆಗೆದರೆ ಕಂದು ಬಣ್ಣದ ಸಣ್ಣ ಪತಂಗಗಳು ಮುಖಕ್ಕೆ ಹಾರಿದವು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ, ಆ ದಿನ ಅದು ನೆತ್ತಿಗೇರಿತ್ತು. ಅಕ್ಕಿ, ಬೇಳೆ, ರವೆ ಎಲ್ಲ ಹೊರಗೆಸೆದೆ. ಮೈಸೂರಿನಲ್ಲಿ ನನ್ನ ಅಮ್ಮ ರವೆ ತಂದ ದಿನವೇ ಬಾಣಲೆಯಲ್ಲಿ ಬೆಚ್ಚಗೆ ಹುರಿದು, ಆರಿಸಿ, ಡಬ್ಬಿಗೆ ತುಂಬುತ್ತಿದ್ದಳು. ಅವಳ ರವೆಗೆ ಎಂದೂ ಹುಳ ಬಿದ್ದದ್ದಿಲ್ಲ. ಸರಿ, ನಾನೂ ಹಕ್ಕಿಯ ಬೀಜಕ್ಕೆ ಅದನ್ನೇ ಮಾಡಿದೆ. ಚೀಲ ಬಂದ ಕೂಡಲೇ ದೊಡ್ಡ ಬಾಣಲೆ, ಸಣ್ಣ ಉರಿ, ಘಮ್ಮೆನ್ನುವವರೆಗೆ ಹುರಿ, ಆರಿದ ಮೇಲೆ ನಾಲ್ಕು ಒಣಮೆಣಸಿನಕಾಯಿ ಹಾಕಿ ಮುಚ್ಚಿಡು. ಹಕ್ಕಿಗಳು ಚಪ್ಪರಿಸಿ ತಿಂದವು. ಹುಳ ಮಾಯವಾಯಿತು. ಪರಿಚಯದವರಿಗೆಲ್ಲ ನನ್ನ ಈ ಉಪಾಯವನ್ನು ಹೆಮ್ಮೆಯಿಂದ ಹೇಳಿಕೊಂಡು ಬಂದೆ.

ಆ ವರ್ಷ ಮಾರ್ಚಿನಲ್ಲಿ ಹೆಣ್ಣು ಹಕ್ಕಿ ನಾಲ್ಕು ಮೊಟ್ಟೆ ಇಟ್ಟಿತು. ಮರಿಗಳು ಸಿಪ್ಪೆ ಸುಲಿದ ಕಡಲೆಬೀಜದಷ್ಟು ಇದ್ದವು, ಕಣ್ಣಿಲ್ಲ, ಪುಕ್ಕವಿಲ್ಲ. ಮೂರನೆಯ ದಿನಕ್ಕೆ ನಾಲ್ಕೂ ಹೋದವು. ಪೆಟ್ ಶಾಪಿನ ಹೆಂಗಸು, ಒಣ ಬೀಜ ಮಾತ್ರ ತಿಂದು ಈ ಜೋಡಿ ಮರಿ ಸಾಕುವ ಹಾಗೆ ಕಾಣುವುದಿಲ್ಲ, ಮೊಳಕೆ ಬರಿಸಿದ ಬೀಜ ಕೊಡಿ, ಇಲ್ಲವೇ ಬೇಯಿಸಿದ ಮೊಟ್ಟೆ ಎಂದಳು. ಜೂನಿನಲ್ಲಿ ಮತ್ತೆ ಮರಿಯಾದಾಗ ಮೊಟ್ಟೆ ಬೇಯಿಸಿ ಇಟ್ಟೆ. ನಮ್ಮ ಅಡುಗೆಮನೆಗೆ ಮೊಟ್ಟೆ ಬಂದದ್ದು ಅದೇ ಮೊದಲು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರೂ ಬೇಡವೆನ್ನಲಿಲ್ಲ. ಹಕ್ಕಿಗಳು ಅದರ ಮೇಲೆ ನಡೆದಾಡಿದವೇ ಹೊರತು ಕೊಕ್ಕು ಹಾಕಲಿಲ್ಲ. ಬೀಜ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟೆ. ಹೆಸರುಕಾಳಿಗೆ ಮೊಳಕೆ ಬರಿಸುವುದು ನನಗೆ ಹೊಸದೇನಲ್ಲ. ಆದರೆ ಇದು ಮೊಳೆಯಲಿಲ್ಲ, ಹುಳಿ ವಾಸನೆ ಬಂತು. ಆ ಮರಿಗಳೂ ಹೋದವು. “ಈ ದೇಶದ ಬೀಜಕ್ಕೇ ಜೀವ ಇಲ್ಲ ಬಿಡಿ” ಎಂದು ನಾನು ತೀರ್ಪು ಕೊಟ್ಟೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ದಿನವೂ ಸೇತುವೆ ದಾಟಿ ಮೆನ್ಲೋ ಪಾರ್ಕಿಗೆ ಹೋಗಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಮಗಳು ಎರಡನೆಯ ಸಲ ಅಳಲಿಲ್ಲ. ಸತ್ತ ಮರಿಗಳನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಬೇಲಿಯ ಬುಡದಲ್ಲಿ ಹೂತು ಬಂದು, ಕೈ ತೊಳೆಯುತ್ತಾ ಹೇಳಿದಳು: “ಅಮ್ಮ, ಇನ್ನೊಂದ್ಸಲ ಹೀಗಾದ್ರೆ ಐ ಆಮ್ ಗಿವಿಂಗ್ ದೆಮ್ ಅವೇ. ಐ ಮೀನ್ ಇಟ್.” ಅವಳ ದನಿಯಲ್ಲಿ ಹಟವಿರಲಿಲ್ಲ, ದಣಿವಿತ್ತು. ಹನ್ನೊಂದು ವರ್ಷದ ಹುಡುಗಿಯ ದನಿ ಹಾಗಿರಬಾರದು.

ಅಕ್ಟೋಬರಿನಲ್ಲಿ ಮೂರನೆಯ ಸಲ ಮೊಟ್ಟೆಗಳು ಬಂದವು. ಅದೇ ಹೊತ್ತಿಗೆ ನವರಾತ್ರಿಯೂ ಬಂತು.

ನನ್ನ ತವರಿನಲ್ಲಿ ನವರಾತ್ರಿ ಎಂದರೆ ಗೊಂಬೆ ಕೂರಿಸುವುದು. ಗಂಡನ ಮನೆ ವಿಜಯಪುರದ ಕಡೆ, ಅಲ್ಲಿ ಘಟ ಹಾಕುತ್ತಾರೆ, ಅತ್ತೆಯ ಬಾಯಲ್ಲಿ ಅದು ಘಟ್ಟ. ಪಾಡ್ಯದ ದಿನ ಎಲೆಯ ಮೇಲೆ ಮಣ್ಣು ಹರವಿ, ಕಾಳು ಬಿತ್ತಿ, ನಡುವೆ ನೀರಿನ ಮಣ್ಣಿನ ಗಡಿಗೆ ಇಟ್ಟು ದೇವಿಯನ್ನು ಕೂರಿಸುವುದು. ಒಂಬತ್ತು ದಿನ ದೀಪ ಆರಬಾರದು, ಸಸಿಗೆ ಕೈ ಹಚ್ಚಬಾರದು. ದಶಮಿಯ ದಿನ ಆ ಸಸಿ ಕಿತ್ತು ಮನೆಯವರೆಲ್ಲ ದೇವಿಯ ಆಶೀರ್ವಾದವೆಂದು ಕಿವಿಗೆ, ಮುಡಿಗೆ ಸಿಕ್ಕಿಸಿಕೊಳ್ಳುವುದು. ನಮ್ಮ ಜೊತೆಗೇ ಇರುವ ಅತ್ತೆಗೆ ಎಂಬತ್ತು ದಾಟಿದೆ. ಬೇರೆ ಎಷ್ಟೋ ವಿಷಯಗಳಲ್ಲಿ ಹೋಗಲಿ ಬಿಡು ಎನ್ನುವವರು ಘಟದ ವಿಷಯದಲ್ಲಿ ಕೂದಲೆಳೆಯಷ್ಟೂ ಬಿಟ್ಟುಕೊಡುವುದಿಲ್ಲ. ಸ್ಮೋಕ್ ಅಲಾರಮ್ಮು ಎಷ್ಟು ಸಲ ಬಡಿದುಕೊಂಡರೂ ಅವರ ದೀಪ ಆರಿದ್ದಿಲ್ಲ. ಇದಕ್ಕೊಂದು ಕಾರಣವಿತ್ತು. ಒಂದು ವರ್ಷ ಊರಿನ ಮನೆಯಲ್ಲಿ ಇಲಿ ನುಗ್ಗಿ ಘಟದ ಸಸಿಯನ್ನೆಲ್ಲ ತಿಂದುಹಾಕಿತ್ತಂತೆ. ಅದೇ ವರ್ಷ ಸಂಕ್ರಾಂತಿಗೆ ಮೊದಲು ಮಾವ ತೀರಿಕೊಂಡರು. ಎರಡಕ್ಕೂ ಸಂಬಂಧವಿದೆ ಎಂದು ಅತ್ತೆ ಬಾಯಿಬಿಟ್ಟು ಹೇಳಿದವರಲ್ಲ. ಹೇಳದಿದ್ದರೂ ನಮಗೆಲ್ಲ ಗೊತ್ತಿತ್ತು.

ಮಣ್ಣಿನ ಬಗ್ಗೆ ಅವರಿಗೆ ತಕರಾರಿರಲಿಲ್ಲ. ನೆವಾರ್ಕಿನಲ್ಲಿ ನಮ್ಮ ಹಿತ್ತಿಲ ಮಣ್ಣು ಕಪ್ಪು, ಒಣಗಿದರೆ ಬಿರುಕು ಬಿಡುತ್ತದೆ, ನೆನೆದರೆ ಚಪ್ಪಲಿಗೆ ಅಂಟಿಕೊಂಡು ಬರುತ್ತದೆ. “ನಮ್ಮ ಎರಿ ಮಣ್ಣ ಐತಿ ನೋಡ ಇದು” ಎಂದು ಅವರು ಮೊದಲ ವರ್ಷವೇ ಒಪ್ಪಿಕೊಂಡಿದ್ದರು. ತಕರಾರು ಬಂದದ್ದು ಕಾಳಿನದು. ಜೋಳ, ಗೋಧಿ, ಹೆಸರು, ಕಡಲೆ ಸಿಕ್ಕಿದ್ದವು. ಐದನೆಯದಾಗಿ ನವಣೆ ಬೇಕು ಎಂದರು. ಇಂಡಿಯನ್ ಗ್ರೋಸರಿಯಿಂದ ಸಿರಿಧಾನ್ಯದ ಪ್ಯಾಕೆಟ್ಟು ತಂದುಕೊಟ್ಟೆ. ಒಂದು ಕಾಳನ್ನು ಉಗುರಿನಿಂದ ಕೆರೆದು ನೋಡಿ ತಲೆಯಾಡಿಸಿದರು.

“ಇದು ಬೀಜ ಅಲ್ಲ ಯವ್ವಾ, ಅಕ್ಕಿ ಐತಿ. ಸಿಪ್ಪಿ ತಗದಾರ. ಮಣ್ಣಾಗ ಹಾಕಿದ್ರ ಕೊಳೀತೈತಿ ಅಷ್ಟ.”

ಅದೇ ದಿನ ಹಕ್ಕಿ ಬೀಜದ ಹೊಸ ಚೀಲ ಬಂದಿತ್ತು. ಅವರು ಅದರಿಂದ ಒಂದು ಹಿಡಿ ನವಣೆ ಆರಿಸಿಕೊಂಡು ಹೋದರು. ಉಳಿದದ್ದನ್ನು ನಾನು ಸಂಜೆ ಬಾಣಲೆಗೆ ಹಾಕಿ ಹುರಿದೆ. ಆ ಹೊತ್ತು ಅವರು ದೇವರ ಮುಂದೆ ಕೂತಿದ್ದರು, ನಾನು ಮಾಡಿದ್ದನ್ನು ನೋಡಲಿಲ್ಲ.

ಪಂಚಮಿಯ ಬೆಳಿಗ್ಗೆ ಗೂಡಿನಲ್ಲಿ ನಾಲ್ಕು ಮರಿಗಳಿದ್ದವು. ನಾನು ಎರಡು ದಿನ ಮೊದಲೇ ಬೀಜ ನೆನೆಹಾಕಿ ಕಟ್ಟಿಟ್ಟಿದ್ದೆ. ಬಟ್ಟೆ ಬಿಚ್ಚಿದರೆ ಮತ್ತೆ ಅದೇ ಹುಳಿ ವಾಸನೆ. ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯವಾಗದೆ ಬಟ್ಟೆಯನ್ನು ಸಿಂಕಿಗೆ ಬಡಿದು, ಚೀಲದವರನ್ನೂ ಅಂಗಡಿಯವರನ್ನೂ ಬೈಯತೊಡಗಿದೆ. ಅತ್ತೆ ಬಂದು ಸಿಂಕಿನಿಂದ ನಾಲ್ಕು ಕಾಳು ಎತ್ತಿ ಅಂಗೈಯಲ್ಲಿ ಉಜ್ಜಿದರು.

“ಯವ್ವಾ, ಇದಕ್ಕ ಏನ್ ಮಾಡೀದಿ ನೀ?”

“ಏನೂ ಇಲ್ಲ ಅತ್ತೆ. ಹುಳ ಬರ್ಬಾರ್ದು ಅಂತ ಸ್ವಲ್ಪ ಹುರಿದಿಟ್ಟಿದ್ದೆ, ರವೆ ಹುರಿಯೋ ಹಾಗೆ.”

“ಹುರದಿ?”

“ಬೆಚ್ಚಗೆ ಅಷ್ಟೇ.”

ಅವರು ಬೈಯಲಿಲ್ಲ. ನನ್ನ ಮಣಿಕಟ್ಟು ಹಿಡಿದು ದೇವರ ಮೂಲೆಗೆ ಕರೆದುಕೊಂಡು ಹೋದರು. ಘಟದ ಸುತ್ತ ಸಸಿಗಳು ಎದ್ದಿದ್ದವು. ಜೋಳ, ಗೋಧಿ ಹಿಂದಿನ ಸಾಲಿನಲ್ಲಿ ಎತ್ತರಕ್ಕೆ ನಿಂತಿದ್ದವು, ಅವುಗಳ ಮುಂದೆ ಕೂದಲಿನಷ್ಟು ತೆಳ್ಳಗೆ, ಒತ್ತೊತ್ತಾಗಿ, ಎಳೆ ಹಸಿರಾಗಿ ನವಣೆ. “ನೀ ಹುರದ ಚೀಲದ ಬೀಜನ ಇದು” ಎಂದರು.

ನಾನು ಅಲ್ಲೇ ನೆಲಕ್ಕೆ ಕೂತೆ. ಒಂದೇ ಚೀಲ. ಒಂದು ಹಿಡಿ ಮಣ್ಣಿಗೆ ಹೋಗಿ ದೇವಿಯ ಸುತ್ತ ಎದ್ದು ನಿಂತಿದೆ, ಉಳಿದದ್ದನ್ನು ನಾನು ಘಮ್ಮೆನ್ನುವವರೆಗೆ ಹುರಿದಿದ್ದೇನೆ. ವರ್ಷವಿಡೀ ಹುರಿದಿದ್ದೇನೆ. ಆ ಹಸಿರು ನೋಡಿ ಬೆರಗೂ ಆಯಿತು, ಬೇಲಿಯ ಬುಡದಲ್ಲಿದ್ದ ಟಿಶ್ಯೂ ಕಾಗದದ ಪೊಟ್ಟಣಗಳು ನೆನಪಾಗಿ ದುಃಖವೂ ಒತ್ತರಿಸಿ ಬಂತು. ಮಗಳ ಮುಂದೆಯೇ ಅತ್ತುಬಿಟ್ಟೆ. “ನಾನೇ ಕೊಂದೆ ಕಣೇ ಅವನ್ನ” ಎಂದೆ. ಅವಳು ಘಟವನ್ನೇ ನೋಡುತ್ತಿದ್ದಳು.

“ಅಜ್ಜಿ, ಕ್ಯಾನ್ ವಿ ಟೇಕ್ ಸಮ್? ಸ್ವಲ್ಪ?”

ಅತ್ತೆ ದೀಪದ ಬತ್ತಿ ಸರಿಮಾಡಿದರು. “ಘಟ್ಟಕ್ಕ ಕೈ ಹಚ್ಚಬಾರದು ಮಗಾ. ದಶಮಿ ತನಕಾ ತಡೀಬೇಕು” ಎಂದರು.

“ಬಟ್ ದೇ ವೋಂಟ್ ಬಿ ಅಲೈವ್” ಎಂದು ಮಗಳು ಮೆಟ್ಟಿಲು ಹತ್ತಿ ಹೋದಳು.

ಆಫೀಸಿಗೆ ರಜೆ ಹಾಕಿ ಹೋಗಿ ಹೊಸ ಚೀಲ ತಂದು, ಹುರಿಯದೆ, ನೆನೆಹಾಕಿದೆ. ಪೆಟ್ ಶಾಪಿನ ಹೆಂಗಸಿಗೆ ನನ್ನ ಅಪರಾಧ ಹೇಳಿಕೊಂಡಾಗ ಅವಳು ನಗದೆ ಸಮಾಧಾನ ಮಾಡಿದಳು. ಹೊರದೇಶದಿಂದ ಬರುವ ಹುಚ್ಚೆಳ್ಳನ್ನೂ ಇಲ್ಲಿ ಮೊಳೆಯದಿರಲೆಂದು ಕಾಯಿಸಿಯೇ ಮಾರುತ್ತಾರಂತೆ. ಆದರೆ ನೆನೆಹಾಕಿದ್ದು ಮೊಳೆಯಲು ಏನಿಲ್ಲವೆಂದರೂ ಎರಡು ಮೂರು ದಿನ ಬೇಕು. ಹಿಂದಿನ ಎರಡು ಸಲವೂ ಮರಿಗಳಿಗೆ ಸಿಕ್ಕಿದ್ದೇ ಅಷ್ಟು ದಿನ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಉಗುರು ಕತ್ತರಿಸುವ ಸಣ್ಣ ಕತ್ತರಿ ಹಿಡಿದು ಕೆಳಗಿಳಿದು ಬಂದೆ. ಘಟದ ಹಿಂಬದಿ ಗೋಡೆಯ ಕಡೆಗಿತ್ತು. ಅಲ್ಲಿಂದ ಒಂದು ಚಿಟಿಕೆ ಕತ್ತರಿಸಿದರೆ ಅತ್ತೆಗೆ ಕಾಣುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ದೇವಿಗೆ ಕಾಣುತ್ತದೆ, ಅದು ಗೊತ್ತಿತ್ತು. ದೀಪದ ಬೆಳಕಿನಲ್ಲಿ ಬಾಗಿ ನೋಡಿದೆ. ಗೋಡೆಯ ಕಡೆಯಲ್ಲಿ ಅಂಗೈಯಷ್ಟು ಜಾಗ ಆಗಲೇ ಬೋಳಾಗಿತ್ತು.

ಇಲಿ ಎಂದುಕೊಂಡೆ. ಇದನ್ನು ಅತ್ತೆಗೆ ಹೇಗೆ ಹೇಳುವುದು? ಇನ್ನಷ್ಟು ಬಾಗಿದಾಗ ಕಂಡಿತು: ಬೋಳಾದ ಜಾಗದ ಮಣ್ಣನ್ನು ಯಾರೋ ನೀರು ಸವರಿ ಸಪಾಟು ಮಾಡಿದ್ದರು, ಅದರ ಮೇಲೆ ಒಂದು ಚಿಟಿಕೆ ಕುಂಕುಮ, ನಾಲ್ಕು ಅಕ್ಷತೆ.

“ಆ ಕತ್ರಿ ಒಳಗಿಡು” ಎಂದಿತು ಹಿಂದಿನಿಂದ ದನಿ. ಅತ್ತೆ ಪಂಜರದ ಪಕ್ಕದ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. “ಘಟ್ಟಕ್ಕ ಕಬ್ಬಿಣ ಹಚ್ಚಬಾರದು. ಬೆರಳಲೇ ಚಿವುಟಬೇಕು.”

“ಅತ್ತೆ, ನೀವು…”

“ಬೇಡ್ಕೊಂಡ ತಗೊಂಡೀನಿ. ಗದ್ಲಾ ಮಾಡಬ್ಯಾಡ, ತಿನ್ನಾಕತ್ತಾವ.”

ಪಂಜರದ ಬಟ್ಟಲಿನಲ್ಲಿ ಬೇರಿನ ಮಣ್ಣು ತೊಳೆದ ನವಣೆ ಸಸಿಗಳಿದ್ದವು, ಬುಡದಲ್ಲಿ ಕಾಳು ಇನ್ನೂ ಅಂಟಿಕೊಂಡಿತ್ತು. ಗಂಡು ಹಕ್ಕಿ ಬಟ್ಟಲಿನ ಅಂಚಿಗೆ ಕೂತು ಒಂದೊಂದನ್ನೇ ಎಳೆದು, ಕಾಳು ಕಚ್ಚಿ, ಎಲೆ ಜಗಿದು ನುಂಗುತ್ತಿತ್ತು. ಅಷ್ಟು ಆತುರದಿಂದ ಅದು ತಿಂದದ್ದನ್ನು ನಾನು ಎಂದೂ ನೋಡಿರಲಿಲ್ಲ. ಆಮೇಲೆ ಹಾರಿ ಗೂಡಿನೊಳಗೆ ಹೋಯಿತು. ಗೂಡಿನಿಂದ ಒಣಗಿದ ಎಲೆ ಸರಿದಾಡಿದ ಹಾಗೆ ಸಣ್ಣ ಸದ್ದು ಬಂತು. ಮರಿಗಳು ತುತ್ತು ಕೇಳುತ್ತಿದ್ದವು.

ಮಗಳನ್ನು ಎಬ್ಬಿಸಿಕೊಂಡು ಬಂದೆ. ಎರಡೂ ಹಕ್ಕಿಗಳು ಹೊರಗೆ ಬಂದಾಗ ಅವಳು ಫೋನಿನ ಬೆಳಕನ್ನು ಗೂಡಿನ ಬಾಯಿಗೆ ಹಿಡಿದಳು. ನಾನು ಕಣ್ಣಿಟ್ಟೆ. ಮರಿಗಳ ಕುತ್ತಿಗೆಯ ಪಕ್ಕದ ಚರ್ಮ ಈರುಳ್ಳಿಯ ಒಳಪೊರೆಯಷ್ಟು ತೆಳು. ಅದರೊಳಗೆ, ಹೊರಗಿನಿಂದಲೇ ಎಣಿಸುವಷ್ಟು ಸ್ಪಷ್ಟವಾಗಿ, ನವಣೆಯ ಬೆಳ್ಳಗಿನ ಕಾಳುಗಳು. ಅವುಗಳ ನಡುವೆ ಹಸಿರು. ಒಂದು ದಿನದ ಜೀವದ ಗಂಟಲಿನಲ್ಲಿ ನಿನ್ನೆಯ ಘಟದ ಸಸಿ ಬಂದು ಕೂತಿತ್ತು. ನನ್ನ ಬದುಕಿನಲ್ಲಿ ಬೆಟ್ಟ, ಸಮುದ್ರ, ದೊಡ್ಡ ದೊಡ್ಡ ಗುಡಿ ಎಲ್ಲ ನೋಡಿದ್ದೇನೆ. ಆ ಬೆಳಿಗ್ಗೆ ಕಂಡಷ್ಟು ದೊಡ್ಡದನ್ನು ನೋಡಿಲ್ಲ. ಮಗಳು “ಅಮ್ಮ, ಐ ಕ್ಯಾನ್ ಸೀ ಇಟ್, ಐ ಕ್ಯಾನ್ ಸೀ ದ ಗ್ರೀನ್” ಎಂದು ಪಿಸುಗುಟ್ಟುತ್ತಲೇ ಇದ್ದಳು. ಅತ್ತೆಯನ್ನು ಕರೆದು ತೋರಿಸಿದೆವು. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು, ನೋಡಿ ಎರಡೂ ಕೈ ಮುಗಿದರು.

ಅವತ್ತೂ ಮರುದಿನವೂ ಮೂರು ಹೊತ್ತು ಅವರೇ ಕೂತು ಚಿವುಟಿ ಕೊಟ್ಟರು. ಒಂದೊಂದು ಸಲವೂ ಬೋಳಾದ ಕಡೆ ಕುಂಕುಮ ಬೀಳುತ್ತಿತ್ತು. ಅಷ್ಟರಲ್ಲಿ ನನ್ನ ಬಟ್ಟೆಗಂಟಿನಲ್ಲಿ ಬಿಳಿಯ ಮೊಳಕೆ ಒಡೆಯಿತು, ಮಳೆ ಬಿದ್ದ ಮಣ್ಣಿನ ವಾಸನೆ ಬಂತು. ನಾನು ಆ ಗಂಟನ್ನು ಮೂಸಿ ಮೂಸಿ ನೋಡಿದೆ. ನಾಲ್ಕರಲ್ಲಿ ಒಂದು ಮರಿ ಉಳಿಯಲಿಲ್ಲ. ಮೂರು ಕಣ್ಣು ಬಿಟ್ಟವು, ಪುಕ್ಕ ತೊಟ್ಟವು, ದೀಪಾವಳಿಯ ಹೊತ್ತಿಗೆ ಗೂಡಿನಿಂದ ಹಾರಿ ಒಂದರ ತಲೆಯ ಮೇಲೊಂದು ಬಿದ್ದವು. ದಶಮಿಯ ದಿನ ಘಟ ಒಂದು ಕಡೆ ಪೂರ್ತಿ ಬೋಳಾಗಿತ್ತು. ಉಳಿದ ಜೋಳದ ಸಸಿಯನ್ನು ಅತ್ತೆ ನಮ್ಮೆಲ್ಲರ ಕಿವಿಗೂ ಸಿಕ್ಕಿಸಿದರು, ತಾವು ಮಾತ್ರ ಮುಡಿಯಲಿಲ್ಲ. ಕೇಳಿದರೆ ಮಾತು ಮರೆಸಿದರು.

ಮಾರ್ಚ್ ಮುಗಿದ ಮೇಲೆ ಬೇಲಿಯ ಉದ್ದಕ್ಕೂ ಮಣ್ಣು ಅಗೆದು ನವಣೆ ಬಿತ್ತಿದೆವು. ಘಟದ ಮಣ್ಣನ್ನೂ ಅಲ್ಲಿಗೇ ಸೇರಿಸಿದೆವು. ಇಲ್ಲಿ ಬೇಸಿಗೆಯಲ್ಲಿ ಒಂದು ಹನಿ ಮಳೆ ಇಲ್ಲ, ಮಧ್ಯಾಹ್ನವಾದರೆ ಕೊಲ್ಲಿಯಿಂದ ಉಪ್ಪಿನ ಗಾಳಿ ಬೀಸುತ್ತದೆ. ಆದರೂ ಪೈಪಿನಲ್ಲಿ ನೀರು ಹಾಯಿಸಿದ್ದಕ್ಕೆ ಅದು ಎದೆಮಟ್ಟ ಬೆಳೆಯಿತು. ತೆನೆ ಹಸಿರಾಗಿರುವಾಗ ಒಂದು ಕಾಳು ಚಿವುಟಿದರೆ ಬೆರಳಿಗೆ ಹಾಲು ಹತ್ತುತ್ತದೆ. ಹಕ್ಕಿಗೆ ಕೊಡಲು ಅದೇ ಹದ. ಇಲ್ಲಿನ ಗುಬ್ಬಿಗಳಿಗೂ ಆ ಹದ ಗೊತ್ತು, ದಂಡುಕಟ್ಟಿ ಬಂದವು. ಮಗಳು ಮನೆಯಲ್ಲಿದ್ದ ಒಂಟಿ ಕಾಲುಚೀಲಗಳನ್ನೆಲ್ಲ ಒಟ್ಟುಹಾಕಿ ತೆನೆಗಳಿಗೆ ತೊಡಿಸಿದಳು. ಪಕ್ಕದ ಮನೆಯವರು ಬೇಲಿಯ ಮೇಲಿಂದ ನೋಡಿ, ಇದೇನು ನಿಮ್ಮ ಹಬ್ಬವೇ ಎಂದು ಕೇಳಿದರು. ಹೌದು ಎಂದೆ. ಮೊದಲ ಹಸಿ ತೆನೆಯನ್ನು ಪಂಜರದಲ್ಲಿ ಕಟ್ಟಿದಾಗ ಆ ಮೂರು ಮರಿಗಳು, ಈಗ ಪೂರ್ತಿ ಬೆಳೆದ ಹಕ್ಕಿಗಳು, ತಲೆಕೆಳಗಾಗಿ ಅದಕ್ಕೆ ಜೋತುಬಿದ್ದು ತಿಂದವು. ಕೊಕ್ಕಿಗೆಲ್ಲ ಹಾಲು ಮೆತ್ತಿತ್ತು.

ಮಗಳು ಹಕ್ಕಿಗಳನ್ನು ಯಾರಿಗೂ ಕೊಡಲಿಲ್ಲ. ಡಬ್ಬಿಗಳ ಮೇಲೆ ಚೀಟಿ ಅಂಟಿಸಿದಳು, ಅಷ್ಟೇ.

ಮತ್ತೆ ಪಾಡ್ಯ ಬಂತು. ಅತ್ತೆ ಎಲೆಯ ಮೇಲೆ ಕಪ್ಪು ಮಣ್ಣು ಹರವುತ್ತಿದ್ದರು, ನಾನು ನಮ್ಮ ಬೇಲಿಯ ನವಣೆಯನ್ನು ಅಂಗೈಯಲ್ಲಿ ಉಜ್ಜಿ ಕೊಡುತ್ತಿದ್ದೆ. ವರ್ಷವಿಡೀ ಕೇಳಬೇಕೆಂದು ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿದೆ.

“ಅತ್ತೆ, ಹೋದ ವರ್ಷ ಬೇಡ್ಕೊಂಡು ತಗೊಂಡೆ ಅಂದ್ರಲ್ಲ. ಏನಂತ ಬೇಡ್ಕೊಂಡ್ರಿ?”

ಅವರು ಮಣ್ಣಿನಿಂದ ಕೈ ತೆಗೆಯಲಿಲ್ಲ. “ಏನ್ ಬರೂದಿದ್ರೂ ನನ್ನ ಮ್ಯಾಲ ಹಾಕು, ಈ ಮನ್ಯಾಗಿನ ಮಂದಿ ಮ್ಯಾಲ ಬ್ಯಾಡ ಅಂದೆ.”

ಹೆಬ್ಬೆರಳಿನಷ್ಟೂ ಇಲ್ಲದ ಮರಿಗಳಿಗಾಗಿ ಈಕೆ ತನ್ನ ಜೀವವನ್ನು ಪಣಕ್ಕಿಟ್ಟು, ಒಂದು ವರ್ಷ ಪೂರ್ತಿ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ನಮಗೆ ರೊಟ್ಟಿ ಬಡಿದು ಕೊಟ್ಟಿದ್ದರು. ದಶಮಿಗೆ ಸಸಿ ಮುಡಿಯದಿದ್ದದ್ದು ಯಾಕೆಂದು ಆಗ ತಿಳಿಯಿತು.

“ವರ್ಷ ತುಂಬಿತು, ಏನೂ ಆಗಲಿಲ್ಲ” ಎಂದರು ಅತ್ತೆ. “ದೇವಿಗೂ ಮಕ್ಕಳು ಅದಾವಲ್ಲ.” ಆಮೇಲೆ ಗೋಡೆಯ ಕಡೆಗೆ ಬೆರಳಿನಿಂದ ಇನ್ನೊಂದು ಸಾಲು ಗೀರಿ, ಮಣ್ಣಾದ ಕೈಯನ್ನು ನನ್ನ ಮುಂದೆ ಚಾಚಿದರು. “ಇನ್ನೊಂದ ಹಿಡಿ ತಾ. ಈ ಸಲ ಅವುಗಳ ಪಾಲು ಮೊದಲ ಬಿತ್ತೂಣು.”